ನಿವೃತ್ತಿ ವೇತನದಾರರ ಗುರುತು ಪರಿಶೀಲನೆ ಮತ್ತು ಜೀವಿತ ಪ್ರಮಾಣಪತ್ರ: ಉಡುಪಿ, ಮಣಿಪಾಲ, ಕಾಪು ಹಾಗೂ ಕಾರ್ಕಳದ ಪಿಂಚಣಿದಾರರಿಗೆ ಮಾಹಿತಿ

ಸರ್ಕಾರಿ ಸೇವೆಯಿಂದ ನಿವೃತ್ತರಾಗಿ ಮಾಸಿಕ ಪಿಂಚಣಿ ಪಡೆಯುತ್ತಿರುವವರು ಹಾಗೂ ಮೃತ ನೌಕರರ ಕುಟುಂಬ ಪಿಂಚಣಿ ಪಡೆಯುತ್ತಿರುವವರು ಪ್ರತಿ ವರ್ಷ ನವೆಂಬರ್ ತಿಂಗಳಿನಲ್ಲಿ ಜೀವಿತ ಪ್ರಮಾಣಪತ್ರವನ್ನು ಸಲ್ಲಿಸತಕ್ಕದ್ದೆಂಬ ನಿಯಮವು ಹಳೆಯದು. ಬದಲಾಗಿರುವುದು ಅದನ್ನು ಪರಿಶೀಲಿಸುವ ಕ್ರಮ. ಹಿಂದೆ ಬ್ಯಾಂಕಿನ ಅಧಿಕಾರಿಯ ಎದುರು ಕುಳಿತು ಸಹಿ ಮಾಡಿದರೆ ಮುಗಿಯುತ್ತಿದ್ದ ಕಾರ್ಯಕ್ಕೆ ಈಗ ಆಧಾರ್ ಸಂಖ್ಯೆ, ಮೊಬೈಲ್ ದೂರವಾಣಿ, ಬೆರಳಚ್ಚು, ಕಣ್ಣಿನ ಪಾಪೆ ಅಥವಾ ಮುಖಚಹರೆಯ ತಾಳೆ ಎಂಬ ಹಂತಗಳು ಸೇರಿಕೊಂಡಿವೆ. ಇದರಿಂದ ಅನೇಕರಿಗೆ ಅನುಕೂಲವಾಗಿದೆ. ಯಂತ್ರವು ತಮ್ಮ ಬೆರಳನ್ನು ಗುರುತಿಸಲಿಲ್ಲವೆಂಬ ಕಾರಣಕ್ಕೆ ಪಿಂಚಣಿಯೇ ಹೋಯಿತೆಂದು ಭಾವಿಸಿ ಮನೆಗೆ ಹಿಂದಿರುಗುವ ವೃದ್ಧರೂ ಇದ್ದಾರೆ. ಅಂತಹವರಿಗೆ ತಿಳಿಯಪಡಿಸಬೇಕಾದ ಮುಖ್ಯ ವಿಷಯವೇನೆಂದರೆ, ನಿವೃತ್ತ ನೌಕರರ ಪಾಲಿಗೆ ಗಣಕೀಕೃತ ಪರಿಶೀಲನೆಯು ಒಂದು ಸೌಲಭ್ಯವೇ ಹೊರತು ಪಿಂಚಣಿ ಪಡೆಯಲು ಇರುವ ಏಕೈಕ ಷರತ್ತಲ್ಲ. ಬೆರಳಚ್ಚು ಹೊಂದದಿದ್ದರೆ ಬೇರೆ ಮಾರ್ಗಗಳಿವೆ. ಅವು ಯಾವುವು, ಎಲ್ಲಿ ಲಭ್ಯ, ಯಾವ ದಾಖಲೆ ಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಪರಿಶೀಲನೆ ಬಿಗಿಯಾಗಲು ಕಾರಣ

ಜೀವಿತ ಪ್ರಮಾಣಪತ್ರವು ಎರಡು ಪ್ರಶ್ನೆಗಳಿಗೆ ಉತ್ತರ ನೀಡುತ್ತದೆ. ಪಿಂಚಣಿದಾರರು ಬದುಕಿರುವರೇ? ಹಣ ಪಡೆಯುತ್ತಿರುವ ವ್ಯಕ್ತಿ ಅವರೇ? ಹಿಂದೆ ಈ ಎರಡೂ ಪ್ರಶ್ನೆಗಳಿಗೆ ಶಾಖೆಯ ಸಿಬ್ಬಂದಿಯ ಪರಿಚಯವೇ ಉತ್ತರವಾಗಿತ್ತು. ಶಾಲಾ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರನ್ನು ಅವರ ವಿದ್ಯಾರ್ಥಿಯೇ ಬ್ಯಾಂಕಿನ ಗುಮಾಸ್ತರಾಗಿ ಎದುರುಗೊಳ್ಳುವ ಸಂದರ್ಭ ಈ ಜಿಲ್ಲೆಯಲ್ಲಿ ವಿರಳವಾಗಿರಲಿಲ್ಲ. ಇಂದು ಪಿಂಚಣಿ ಪಾವತಿಯ ಕಾರ್ಯವನ್ನು ಬ್ಯಾಂಕುಗಳು ತಮ್ಮ ಕೇಂದ್ರೀಕೃತ ಪಿಂಚಣಿ ಸಂಸ್ಕರಣಾ ಕೇಂದ್ರಗಳಿಂದ ನಡೆಸುತ್ತವೆ. ಅಲ್ಲಿ ಕುಳಿತವರಿಗೆ ಪಿಂಚಣಿದಾರರ ಮುಖ ಪರಿಚಯವಿರುವುದಿಲ್ಲ, ಅವರ ಮುಂದಿರುವುದು ಸಂಖ್ಯೆಗಳು ಮಾತ್ರ. ಪರಿಚಯದ ಸ್ಥಾನವನ್ನು ದಾಖಲೆ ತುಂಬಬೇಕಾಗಿ ಬಂದುದರಿಂದ ದಾಖಲೆಯ ತಾಳೆಯೂ ಕಟ್ಟುನಿಟ್ಟಾಗಿದೆ.

ಮರಣವನ್ನು ತಿಳಿಸದೆ ಪಿಂಚಣಿ ಪಡೆಯುವ ಪ್ರಕರಣಗಳು ಎಲ್ಲ ದೇಶಗಳಲ್ಲಿಯೂ ಕಂಡುಬಂದಿವೆ. ಜಪಾನಿನ ಟೋಕಿಯೋ ನಗರದಲ್ಲಿ 111 ವರ್ಷ ವಯಸ್ಸಿನವರೆಂದು ದಾಖಲೆಯಲ್ಲಿದ್ದ ಹಿರಿಯರೊಬ್ಬರನ್ನು ಗೌರವಿಸಲು 2010ರಲ್ಲಿ ಅಧಿಕಾರಿಗಳು ಹೋದಾಗ, ಅವರು ಸುಮಾರು 30 ವರ್ಷಗಳ ಹಿಂದೆಯೇ ತೀರಿಕೊಂಡಿದ್ದುದು ಬೆಳಕಿಗೆ ಬಂದಿತು. ಅಷ್ಟು ಕಾಲವೂ ಅವರ ಹೆಸರಿನಲ್ಲಿ ಪಿಂಚಣಿ ಪಾವತಿಯಾಗಿತ್ತು. ಆದರೆ ಹೆಚ್ಚು ಸಾಮಾನ್ಯವಾಗಿರುವುದು ವಂಚನೆಯಲ್ಲ, ದುಃಖದ ನಡುವೆ ಬ್ಯಾಂಕಿಗೆ ತಿಳಿಸಲು ಮರೆತಿರುವುದು. ಕಾರಣ ಯಾವುದೇ ಇರಲಿ, ಹೆಚ್ಚುವರಿಯಾಗಿ ಜಮೆಯಾದ ಮೊತ್ತವನ್ನು ವಸೂಲು ಮಾಡುವಾಗ ತೊಂದರೆಗೊಳಗಾಗುವುದು ಉಳಿದ ಕುಟುಂಬವೇ.

ಯಾರು, ಯಾವಾಗ ಸಲ್ಲಿಸಬೇಕು

ಕೇಂದ್ರ ಹಾಗೂ ರಾಜ್ಯ ಸರ್ಕಾರದ ಪಿಂಚಣಿದಾರರು ನವೆಂಬರ್ ತಿಂಗಳಲ್ಲಿ ಸಲ್ಲಿಸಬೇಕು. ಕೇಂದ್ರ ಸರ್ಕಾರದ ಪಿಂಚಣಿದಾರರಲ್ಲಿ 80 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರಿಗೆ 2019ರಿಂದ ಅಕ್ಟೋಬರ್ 1ರಿಂದಲೇ ಸಲ್ಲಿಸಲು ಅವಕಾಶ ಕಲ್ಪಿಸಲಾಗಿದೆ. ನವೆಂಬರ್ ತಿಂಗಳ ಕೊನೆಯ ವಾರದಲ್ಲಿ ಕೇಂದ್ರಗಳಲ್ಲಿ ಜನಸಂದಣಿ ಹೆಚ್ಚು, ಅಂತರ್ಜಾಲ ಸಂಪರ್ಕವೂ ನಿಧಾನ. ಆದುದರಿಂದ ತಿಂಗಳ ಮೊದಲ ಎರಡು ವಾರಗಳಲ್ಲಿಯೇ ಈ ಕಾರ್ಯ ಮುಗಿಸಿಕೊಳ್ಳುವುದು ಸೂಕ್ತ.

ನೌಕರರ ಪಿಂಚಣಿ ಯೋಜನೆ, 1995ರ ಅಡಿಯಲ್ಲಿ ಪಿಂಚಣಿ ಪಡೆಯುತ್ತಿರುವವರ ವ್ಯವಸ್ಥೆ ಬೇರೆ. ಅವರು ವರ್ಷದ ಯಾವುದೇ ತಿಂಗಳಲ್ಲಿ ಸಲ್ಲಿಸಬಹುದು. ಸಲ್ಲಿಸಿದ ದಿನಾಂಕದಿಂದ ಒಂದು ವರ್ಷದವರೆಗೆ ಅದು ಊರ್ಜಿತದಲ್ಲಿರುತ್ತದೆ. ಈ ಜಿಲ್ಲೆಯಲ್ಲಿ ಬೀಡಿ ಕಟ್ಟಿದವರು, ಗೇರುಬೀಜ ಹಾಗೂ ಹೆಂಚಿನ ಕಾರ್ಖಾನೆಗಳಲ್ಲಿ ದುಡಿದವರು, ಖಾಸಗಿ ವಿದ್ಯಾಸಂಸ್ಥೆ ಮತ್ತು ಆಸ್ಪತ್ರೆಗಳಲ್ಲಿ ಸೇವೆ ಸಲ್ಲಿಸಿದವರು ಈ ಗುಂಪಿಗೆ ಸೇರುತ್ತಾರೆ. ಈ ಯೋಜನೆಯ ಕನಿಷ್ಠ ಪಿಂಚಣಿಯನ್ನು 2014ರ ಸೆಪ್ಟೆಂಬರ್‌ನಲ್ಲಿ ಮಾಸಿಕ ರೂ. 1,000 ಎಂದು ನಿಗದಿಪಡಿಸಲಾಯಿತು. ಮೊತ್ತ ಚಿಕ್ಕದೆಂದು ತೋರಬಹುದು. ಆದರೆ ಔಷಧಿಯ ಅಂಗಡಿಯ ಲೆಕ್ಕವನ್ನು ಈ ಹಣದಿಂದಲೇ ತೀರಿಸುವ ಮನೆಗಳಿಗೆ ಎರಡು ತಿಂಗಳು ಪಿಂಚಣಿ ನಿಂತರೆ ಆಗುವ ಕಷ್ಟ ಚಿಕ್ಕದಲ್ಲ. 2025ರ ಜನವರಿ 1ರಿಂದ ಈ ಯೋಜನೆಗೆ ಕೇಂದ್ರೀಕೃತ ಪಾವತಿ ವ್ಯವಸ್ಥೆ ಜಾರಿಗೆ ಬಂದಿದ್ದು, ದೇಶದ ಯಾವುದೇ ಬ್ಯಾಂಕಿನ ಯಾವುದೇ ಶಾಖೆಯ ಖಾತೆಗೆ ಪಿಂಚಣಿ ಜಮೆಯಾಗುತ್ತದೆ.

ವೃದ್ಧಾಪ್ಯ ವೇತನ, ವಿಧವಾ ವೇತನ, ಸಂಧ್ಯಾ ಸುರಕ್ಷಾ ಮುಂತಾದ ಸಾಮಾಜಿಕ ಭದ್ರತಾ ಪಿಂಚಣಿಗಳು ಕಂದಾಯ ಇಲಾಖೆಯ ವ್ಯಾಪ್ತಿಗೆ ಒಳಪಟ್ಟಿದ್ದು, ಅವುಗಳ ಪರಿಶೀಲನೆಗೆ ನಾಡಕಚೇರಿ ಅಥವಾ ತಾಲ್ಲೂಕು ಕಚೇರಿಯನ್ನು ಸಂಪರ್ಕಿಸಬೇಕು. ಈ ಲೇಖನವು ಮುಖ್ಯವಾಗಿ ಸೇವಾ ಪಿಂಚಣಿಗೆ ಸಂಬಂಧಿಸಿದೆ.

ಗಣಕೀಕೃತ ಪ್ರಮಾಣಪತ್ರ: ಜೀವನ್ ಪ್ರಮಾಣ್

ಆಧಾರ್ ಆಧಾರಿತ ಗಣಕೀಕೃತ ಜೀವಿತ ಪ್ರಮಾಣಪತ್ರದ ಯೋಜನೆಯಾದ ಜೀವನ್ ಪ್ರಮಾಣ್‌ಗೆ 2014ರ ನವೆಂಬರ್ 10ರಂದು ಚಾಲನೆ ನೀಡಲಾಯಿತು. ಮೊದಲಿಗೆ ಬೆರಳಚ್ಚು ಅಥವಾ ಕಣ್ಣಿನ ಪಾಪೆಯ ಸಾಧನ ಬೇಕಾಗುತ್ತಿತ್ತು. 2021ರ ನವೆಂಬರ್‌ನಲ್ಲಿ ಮುಖಚಹರೆಯ ಮೂಲಕ ದೃಢೀಕರಿಸುವ ಸೌಲಭ್ಯವನ್ನು ಪ್ರಾರಂಭಿಸಿದ ಮೇಲೆ ಸಾಮಾನ್ಯ ಮೊಬೈಲ್ ದೂರವಾಣಿಯಿಂದಲೂ ಇದನ್ನು ಮಾಡಲು ಸಾಧ್ಯವಾಗಿದೆ.

ಹೋಗುವಾಗ ಆಧಾರ್ ಚೀಟಿ, ಪಿಂಚಣಿ ಪಾವತಿ ಆದೇಶದ (ಪಿ.ಪಿ.ಒ.) ಪ್ರತಿ, ಪಿಂಚಣಿ ಜಮೆಯಾಗುವ ಖಾತೆಯ ಪಾಸ್ ಪುಸ್ತಕ ಹಾಗೂ ತಮ್ಮ ಮೊಬೈಲ್ ಇವಿಷ್ಟನ್ನು ತೆಗೆದುಕೊಂಡು ಹೋಗಬೇಕು. ಮೊಬೈಲ್‌ಗೆ ಬರುವ ಸಂಕೇತ ಸಂಖ್ಯೆಯನ್ನು ಅಲ್ಲಿಯೇ ತಿಳಿಸಬೇಕಾಗುವುದರಿಂದ ದೂರವಾಣಿಯನ್ನು ಮನೆಯಲ್ಲಿ ಬಿಟ್ಟು ಹೋದವರು ಇನ್ನೊಮ್ಮೆ ಬರಬೇಕಾಗುತ್ತದೆ. ಅರ್ಜಿಯಲ್ಲಿ ಹೆಸರು, ಪಿ.ಪಿ.ಒ. ಸಂಖ್ಯೆ, ಖಾತೆ ಸಂಖ್ಯೆ, ಪಿಂಚಣಿ ಮಂಜೂರು ಮಾಡಿದ ಪ್ರಾಧಿಕಾರ ಮತ್ತು ಪಾವತಿ ಮಾಡುವ ಸಂಸ್ಥೆ ಇವುಗಳನ್ನು ನಮೂದಿಸಿದ ನಂತರ ಬೆರಳು, ಕಣ್ಣು ಅಥವಾ ಮುಖದ ತಾಳೆ ನಡೆಯುತ್ತದೆ. ತಾಳೆಯಾದಲ್ಲಿ ಪ್ರಮಾಣ್ ಗುರುತು ಸಂಖ್ಯೆಯೊಂದು ಸೃಜನೆಯಾಗಿ ಮೊಬೈಲ್‌ಗೆ ಸಂದೇಶ ಬರುತ್ತದೆ.

ಪಾವತಿ ಮಾಡುವ ಸಂಸ್ಥೆಯ ಹೆಸರನ್ನು ಆಯ್ಕೆ ಮಾಡುವಲ್ಲಿ ಈ ಜಿಲ್ಲೆಯ ಪಿಂಚಣಿದಾರರು ವಿಶೇಷ ಗಮನ ನೀಡಬೇಕು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮಣಿಪಾಲದಲ್ಲಿ ಪ್ರಧಾನ ಕಚೇರಿ ಹೊಂದಿದ್ದ ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. 1906ರಲ್ಲಿ ಉಡುಪಿಯಲ್ಲಿಯೇ ಸ್ಥಾಪನೆಯಾದ ಕಾರ್ಪೊರೇಷನ್ ಬ್ಯಾಂಕು ಅದೇ ದಿನ ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು. ಮಂಗಳೂರಿನ ವಿಜಯ ಬ್ಯಾಂಕು ಅದಕ್ಕೆ ಒಂದು ವರ್ಷ ಮೊದಲು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತ್ತು. ಹಿರಿಯರ ಬಾಯಿಯಲ್ಲಿ ಮಾತ್ರವಲ್ಲದೆ ಅವರ ಪಿ.ಪಿ.ಒ.ದಲ್ಲಿಯೂ ಹಳೆಯ ಹೆಸರುಗಳೇ ಉಳಿದಿವೆ. ಕೇಂದ್ರದ ನಿರ್ವಾಹಕರಿಗೆ “ನನ್ನದು ಸಿಂಡಿಕೇಟ್” ಎಂದು ಹೇಳಿದರೆ ಪ್ರಯೋಜನವಿಲ್ಲ, ಈಗ ಪಾವತಿ ಮಾಡುತ್ತಿರುವ ಬ್ಯಾಂಕಿನ ಹೆಸರನ್ನೇ ತಿಳಿಸಬೇಕು. ಖಾತೆ ಸಂಖ್ಯೆ ಮತ್ತು ಶಾಖೆಯ ಐ.ಎಫ್.ಎಸ್.ಸಿ. ಸಂಕೇತವನ್ನೂ ಹಳೆಯ ಪಾಸ್ ಪುಸ್ತಕದಿಂದ ಬರೆಯಬಾರದು. ಸಿಂಡಿಕೇಟ್ ಬ್ಯಾಂಕಿನ ಹಳೆಯ ಸಂಕೇತಗಳು 2021ರ ಜುಲೈ 1ರಿಂದ ರದ್ದಾಗಿವೆ.

ಇನ್ನೊಂದು ತಪ್ಪು ಕಲ್ಪನೆಯನ್ನು ಇಲ್ಲಿಯೇ ನಿವಾರಿಸುವುದು ಉಚಿತ. ಪ್ರಮಾಣ್ ಗುರುತು ಸಂಖ್ಯೆಯ ಸಂದೇಶ ಬಂದ ಮಾತ್ರಕ್ಕೆ ಬ್ಯಾಂಕು ಪ್ರಮಾಣಪತ್ರವನ್ನು ಸ್ವೀಕರಿಸಿದೆಯೆಂದು ಅರ್ಥವಲ್ಲ. ಅದು ಪ್ರಮಾಣಪತ್ರ ಸೃಜನೆಯಾಗಿದೆಯೆಂಬ ಸೂಚನೆ ಮಾತ್ರ. ಪಾವತಿ ಮಾಡುವ ಸಂಸ್ಥೆಯು ಅದನ್ನು ಪರಿಶೀಲಿಸಿ ಸ್ವೀಕರಿಸಬೇಕು. ಪಿ.ಪಿ.ಒ. ಅಥವಾ ಖಾತೆ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದರೂ ತಿರಸ್ಕೃತವಾಗಬಹುದು. ಆಗ ಹೊಸದಾಗಿ ಪ್ರಮಾಣಪತ್ರ ಮಾಡಿಸತಕ್ಕದ್ದು. ಆದುದರಿಂದ ಸಂದೇಶ ಬಂದ ಒಂದು ವಾರದ ನಂತರ ಜೀವನ್ ಪ್ರಮಾಣ್ ಜಾಲತಾಣದಲ್ಲಾಗಲಿ ಶಾಖೆಯಲ್ಲಾಗಲಿ ಸ್ಥಿತಿಯನ್ನು ವಿಚಾರಿಸಿಕೊಳ್ಳಬೇಕು. ಸಂದೇಶವು ಇಂಗ್ಲಿಷಿನಲ್ಲಿ ಬರುವುದರಿಂದ ಓದಲು ಬಾರದವರು ಅದನ್ನು ಅಳಿಸದೆ ಇಟ್ಟುಕೊಂಡು ತಿಳಿದವರಿಂದ ಓದಿಸಿಕೊಳ್ಳಬೇಕು.

ನಿವೃತ್ತಿಯ ನಂತರ ಮರುನೇಮಕಗೊಂಡವರು ಹಾಗೂ ಕುಟುಂಬ ಪಿಂಚಣಿ ಪಡೆಯುತ್ತಿದ್ದು ಮರುವಿವಾಹವಾದವರು ಜೀವನ್ ಪ್ರಮಾಣ್ ಸೌಲಭ್ಯವನ್ನು ಬಳಸಲು ಬರುವುದಿಲ್ಲ. ಅಂತಹವರು ಬ್ಯಾಂಕಿನಲ್ಲಿಯೇ ಲಿಖಿತವಾಗಿ ಘೋಷಣೆ ನೀಡಬೇಕು.

ಬೆರಳಚ್ಚು ತಾಳೆಯಾಗದಿದ್ದಲ್ಲಿ

ವಯಸ್ಸಾದಂತೆ ಬೆರಳ ತುದಿಯ ಗೆರೆಗಳು ಸವೆಯುತ್ತವೆ, ಚರ್ಮ ಒಣಗುತ್ತದೆ. ದಶಕಗಳ ಕಾಲ ಬೀಡಿ ಎಲೆ ಕತ್ತರಿಸಿ ಸುರುಳಿ ಸುತ್ತಿದ ಬೆರಳು, ಗೇರುಬೀಜದ ಸಿಪ್ಪೆಯ ಎಣ್ಣೆಗೆ ತಾಗಿದ ಬೆರಳು, ಬಲೆಯ ಹಗ್ಗ ಎಳೆದ ಕೈ, ಗದ್ದೆಯ ಕೆಲಸ ಮಾಡಿದ ಕೈ ಇವುಗಳಲ್ಲಿ ಗೆರೆ ಉಳಿದಿರುವುದೇ ಕಡಿಮೆ. ಯಂತ್ರವು ತಾಳೆಯಾಗಲಿಲ್ಲವೆಂದು ತೋರಿಸಿದರೆ ಅದು ಆ ವ್ಯಕ್ತಿಯ ಮೇಲಿನ ಅನುಮಾನವಲ್ಲ, ಬೆರಳಿನ ಚಿತ್ರ ಸ್ಪಷ್ಟವಾಗಿಲ್ಲವೆಂಬ ಸೂಚನೆ ಅಷ್ಟೆ. ಕೈ ತೊಳೆದು ಒರೆಸಿ, ಬೇರೆ ಬೆರಳುಗಳಿಂದ ಪ್ರಯತ್ನಿಸಲು ಕೇಳಬೇಕು. ಹತ್ತು ಬೆರಳುಗಳಲ್ಲಿ ಯಾವುದಾದರೂ ಒಂದು ಹೊಂದಿದರೆ ಸಾಕು.

ಅದೂ ಆಗದಿದ್ದಲ್ಲಿ ಮುಖಚಹರೆಯ ವಿಧಾನವಿದೆ. ಇದಕ್ಕೆ ಆಧಾರ್ ಫೇಸ್ ಆರ್.ಡಿ. ಮತ್ತು ಜೀವನ್ ಪ್ರಮಾಣ್ ಎಂಬ ಎರಡು ತಂತ್ರಾಂಶಗಳನ್ನು ಮೊಬೈಲ್‌ನಲ್ಲಿ ಅಳವಡಿಸಿಕೊಳ್ಳಬೇಕು. ದೂರವಾಣಿಯು ಪಿಂಚಣಿದಾರರದೇ ಆಗಿರಬೇಕೆಂಬ ನಿಯಮವಿಲ್ಲ. ಮಗ, ಸೊಸೆ ಅಥವಾ ನೆರೆಯವರು ಒಮ್ಮೆ ನಿರ್ವಾಹಕರಾಗಿ ತಮ್ಮ ಗುರುತನ್ನು ದೃಢೀಕರಿಸಿಕೊಂಡರೆ ಅದೇ ದೂರವಾಣಿಯಿಂದ ಹಲವು ಹಿರಿಯರ ಪ್ರಮಾಣಪತ್ರ ಮಾಡಬಹುದು. ಕಾರ್ತಿಕ ಮಾಸದ ದೀಪೋತ್ಸವಕ್ಕೆಂದು ಮುಂಬಯಿ, ಬೆಂಗಳೂರುಗಳಿಂದ ಮಕ್ಕಳು ಊರಿಗೆ ಬರುವ ದಿನಗಳು ಸಾಮಾನ್ಯವಾಗಿ ನವೆಂಬರ್‌ನಲ್ಲಿಯೇ ಇರುತ್ತವೆ. ಆ ಸಮಯವನ್ನು ಈ ಕಾರ್ಯಕ್ಕೂ ಬಳಸಿಕೊಳ್ಳಬಹುದು. ಮುಖದ ಮೇಲೆ ಸಾಕಷ್ಟು ಬೆಳಕಿರಬೇಕು, ಹಿಂಬದಿ ಸಾದಾ ಇರಬೇಕು, ಕನ್ನಡಕ ತೆಗೆಯಬೇಕು, ಸೂಚನೆ ಬಂದಾಗ ಕಣ್ಣು ಮಿಟುಕಿಸಬೇಕು. ಭಾವಚಿತ್ರವನ್ನು ತೋರಿಸಿ ಮೋಸ ಮಾಡದಂತೆ ತಡೆಯಲು ಈ ಕಣ್ಣು ಮಿಟುಕಿಸುವ ಏರ್ಪಾಡು. ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ಪಟ್ಟಿ ಇರುವವರು ಕೆಲವು ದಿನ ತಡೆದು ಪ್ರಯತ್ನಿಸುವುದು ಒಳ್ಳೆಯದು.

ಯಾವ ವಿಧಾನವೂ ಫಲಿಸದಿದ್ದಲ್ಲಿ ಸರ್ಕಾರಿ ಪಿಂಚಣಿದಾರರು ಕಾಗದದ ಪ್ರಮಾಣಪತ್ರವನ್ನು ಸಲ್ಲಿಸಲು ಅವಕಾಶವಿದೆ. ಇದನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ, ಏಕೆಂದರೆ “ಈಗ ಎಲ್ಲವೂ ಆನ್‌ಲೈನ್, ಕಾಗದ ನಡೆಯುವುದಿಲ್ಲ” ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಆಧಾರ್ ಕುರಿತ ಮೊಕದ್ದಮೆಯನ್ನು 2012ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾದ ಕೆ.ಎಸ್. ಪುಟ್ಟಸ್ವಾಮಿಯವರು. 2018ರ ಸೆಪ್ಟೆಂಬರ್ 26ರ ಅಂತಿಮ ತೀರ್ಪಿನಲ್ಲಿ ನ್ಯಾಯಾಲಯವು ಸಹಾಯಧನ ಮತ್ತು ಕಲ್ಯಾಣ ಯೋಜನೆಗಳಿಗೆ ಆಧಾರ್ ಕಡ್ಡಾಯಗೊಳಿಸುವುದನ್ನು ಎತ್ತಿಹಿಡಿಯಿತು. ಆದರೆ ಸರ್ಕಾರಿ ನೌಕರರ ಪಿಂಚಣಿಯಂತಹ, ವ್ಯಕ್ತಿಯು ದುಡಿದು ಗಳಿಸಿಕೊಂಡ ಸೌಲಭ್ಯವು ಆಧಾರ್ ಕಾಯಿದೆಯ 7ನೇ ಪ್ರಕರಣದ ವ್ಯಾಪ್ತಿಗೆ ಬರುವುದಿಲ್ಲವೆಂದೂ ಅದು ಅವರ ಹಕ್ಕೆಂದೂ ಅದೇ ತೀರ್ಪಿನಲ್ಲಿ ಸ್ಪಷ್ಟಪಡಿಸಿತು. ಪಿಂಚಣಿಯು ದಯೆಯಿಂದ ನೀಡುವ ದಾನವಲ್ಲವೆಂದು ಡಿ.ಎಸ್. ನಕಾರಾ ಪ್ರಕರಣದಲ್ಲಿ 1982ರ ಡಿಸೆಂಬರ್ 17ರಂದೇ ಈ ನ್ಯಾಯಾಲಯ ಹೇಳಿತ್ತು. ಆ ದಿನವನ್ನು ಪಿಂಚಣಿದಾರರ ಸಂಘಗಳು ಇಂದಿಗೂ ಪಿಂಚಣಿದಾರರ ದಿನವಾಗಿ ಆಚರಿಸುತ್ತವೆ. ಮುಂದೆ 2021ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ಅಧಿಸೂಚನೆಯಂತೆ ಜೀವನ್ ಪ್ರಮಾಣ್‌ಗೆ ಆಧಾರ್ ದೃಢೀಕರಣವು ಸ್ವಇಚ್ಛೆಯದಾಗಿದ್ದು, ಅದನ್ನು ಬಯಸದವರಿಗೆ ಪರ್ಯಾಯ ವಿಧಾನವನ್ನು ಒದಗಿಸಬೇಕಾಗಿದೆ.

ಕಾಗದದ ಪ್ರಮಾಣಪತ್ರಕ್ಕೆ ಪಿಂಚಣಿದಾರರು ಸ್ವತಃ ಬ್ಯಾಂಕಿಗೆ ಹಾಜರಾಗಿ ಅಧಿಕಾರಿಯ ಎದುರು ಸಹಿ ಮಾಡುವುದು ಸರಳ ಮಾರ್ಗ. ರಿಸರ್ವ್ ಬ್ಯಾಂಕಿನ ಸೂಚನೆಯಂತೆ ಪಿಂಚಣಿ ಪಾವತಿಸುವ ಬ್ಯಾಂಕಿನ ಯಾವುದೇ ಶಾಖೆಯಲ್ಲಿ ಇದನ್ನು ಸ್ವೀಕರಿಸಬೇಕು. ಖಾತೆ ಕಾರ್ಕಳದಲ್ಲಿದ್ದು ವಾಸ ಮಣಿಪಾಲದಲ್ಲಿದ್ದರೆ ಮಣಿಪಾಲದ ಶಾಖೆಯಲ್ಲಿಯೇ ಕೊಡಬಹುದು. ಸ್ವೀಕೃತಿ ಪತ್ರ ನೀಡುವುದೂ ಬ್ಯಾಂಕಿನ ಕರ್ತವ್ಯವಾಗಿದೆ. ಸ್ವೀಕೃತಿ ಪಡೆಯದೆ ಹಿಂದಿರುಗಬಾರದು. ಮುಂದೆ ತಕರಾರು ಬಂದಲ್ಲಿ ಇರುವ ಆಧಾರ ಅದೊಂದೇ. ಸ್ವತಃ ಹಾಜರಾಗಲು ಸಾಧ್ಯವಿಲ್ಲದ ಕೇಂದ್ರ ಪಿಂಚಣಿದಾರರು ಪತ್ರಾಂಕಿತ ಅಧಿಕಾರಿ, ತಹಶೀಲ್ದಾರರು, ಪೋಸ್ಟ್ ಮಾಸ್ಟರ್ ಮುಂತಾದ ನಿಯಮದಲ್ಲಿ ಹೆಸರಿಸಿದ ಅಧಿಕಾರಿಗಳ ಸಹಿಯುಳ್ಳ ಪ್ರಮಾಣಪತ್ರವನ್ನು ಕಳುಹಿಸಬಹುದು.

ನೌಕರರ ಪಿಂಚಣಿ ಯೋಜನೆಯವರು ಮಾತ್ರ ಸಾಮಾನ್ಯವಾಗಿ ಗಣಕೀಕೃತ ವಿಧಾನವನ್ನೇ ಅನುಸರಿಸಬೇಕಾಗಿದ್ದು, ಮುಖಚಹರೆಯೂ ಹೊಂದದಿದ್ದಲ್ಲಿ ಉಡುಪಿಯ ಭವಿಷ್ಯ ನಿಧಿ ಕಚೇರಿಗೆ ದಾಖಲೆಗಳೊಂದಿಗೆ ಲಿಖಿತ ಮನವಿ ಸಲ್ಲಿಸುವುದು ಸೂಕ್ತ.

ಹೆಸರು, ಜನ್ಮದಿನಾಂಕ ಮತ್ತು ವಿಳಾಸದ ವ್ಯತ್ಯಾಸ

ಕರಾವಳಿಯಲ್ಲಿ ಬೆರಳಚ್ಚಿಗಿಂತಲೂ ಹೆಚ್ಚು ಕಾಡುವುದು ಹೆಸರಿನ ವ್ಯತ್ಯಾಸವೆಂದರೆ ತಪ್ಪಾಗಲಾರದು. ಶಾಲೆಯ ದಾಖಲೆಯಲ್ಲಿ ತಂದೆಯ ಅಥವಾ ಊರಿನ ಮೊದಲಕ್ಷರದೊಂದಿಗೆ ಇದ್ದ ಹೆಸರು ಸೇವಾ ಪುಸ್ತಕದಲ್ಲಿ ಪೂಜಾರಿ, ಶೆಟ್ಟಿ, ಆಚಾರ್ಯ ಎಂದಾಗಿ, ಆಧಾರ್‌ನಲ್ಲಿ ಬಳಿಯ ಹೆಸರಾದ ಸುವರ್ಣ, ಕೋಟ್ಯಾನ್, ಸಾಲ್ಯಾನ್ ಎಂದು ನಮೂದಾಗಿರುವುದುಂಟು. ಮೂರೂ ಸರಿಯಾದ ಹೆಸರುಗಳೇ, ಆದರೆ ಗಣಕಯಂತ್ರಕ್ಕೆ ಅವರು ಮೂವರು ಬೇರೆ ಬೇರೆ ವ್ಯಕ್ತಿಗಳು. ಕನ್ನಡದಲ್ಲಿ ಒಂದೇ ಬಗೆಯಾಗಿ ಬರೆಯುವ ಪೂಜಾರಿ, ಶೆಣೈ, ಲಕ್ಷ್ಮಿ ಎಂಬ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಮೂರು ರೀತಿ ಬರೆಯುವುದರಿಂದಲೂ, ಡಿಸೋಜ, ಡಿಸಿಲ್ವ ಎಂಬ ಹೆಸರುಗಳ ನಡುವೆ ಚಿಹ್ನೆ ಇರುವುದು ಇಲ್ಲದಿರುವುದರಿಂದಲೂ ಇದೇ ತೊಡಕು. ಮದುವೆಗೆ ಮೊದಲು ಸೇವೆಗೆ ಸೇರಿದ ಮಹಿಳೆಯರ ಪಿ.ಪಿ.ಒ.ದಲ್ಲಿ ತವರಿನ ಹೆಸರೂ ಆಧಾರ್‌ನಲ್ಲಿ ಪತಿಯ ಹೆಸರೂ ಇರುವುದು ಸಾಮಾನ್ಯ.

ಇಂತಹ ಸಂದರ್ಭದಲ್ಲಿ ಯಾವ ದಾಖಲೆಯನ್ನು ತಿದ್ದಬೇಕೆಂಬುದನ್ನು ಮೊದಲು ತೀರ್ಮಾನಿಸಬೇಕು. ಆಧಾರ್‌ನಲ್ಲಿ ಹೆಸರನ್ನು ಎರಡು ಬಾರಿ, ಜನ್ಮದಿನಾಂಕವನ್ನು ಒಂದು ಬಾರಿ ಮಾತ್ರ ಬದಲಿಸಲು ಅವಕಾಶ. ಪಿ.ಪಿ.ಒ.ದಲ್ಲಿರುವಂತೆ ಆಧಾರ್ ತಿದ್ದಿಸಿದರೆ ಬ್ಯಾಂಕು, ಪಡಿತರ ಚೀಟಿ ಮತ್ತಿತರ ಕಡೆಗಳಲ್ಲಿ ಹೊಸ ತೊಡಕು ಉಂಟಾಗಬಹುದು. ಪಿ.ಪಿ.ಒ. ತಿದ್ದುಪಡಿಗೆ ರಾಜ್ಯ ಸರ್ಕಾರದ ನಿವೃತ್ತ ನೌಕರರು ತಾವು ಕೊನೆಯದಾಗಿ ಸೇವೆ ಸಲ್ಲಿಸಿದ ಕಚೇರಿಯ ಮುಖ್ಯಸ್ಥರ ಮೂಲಕ ಬೆಂಗಳೂರಿನ ಮಹಾಲೇಖಪಾಲರ ಕಚೇರಿಗೆ ಬರೆದುಕೊಳ್ಳಬೇಕಾಗುತ್ತದೆ. ಇದಕ್ಕೆ ತಿಂಗಳುಗಳೇ ಹಿಡಿಯಬಹುದಾದುದರಿಂದ ನವೆಂಬರ್‌ನಲ್ಲಿ ಪ್ರಾರಂಭಿಸಿದರೆ ಆ ವರ್ಷಕ್ಕೆ ಪ್ರಯೋಜನವಾಗುವುದಿಲ್ಲ. ಆ ವರ್ಷದ ಮಟ್ಟಿಗೆ ಕಾಗದದ ಪ್ರಮಾಣಪತ್ರ ಸಲ್ಲಿಸಿ, ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಲಗತ್ತಿಸಿ, ತಿದ್ದುಪಡಿಯ ಕಾರ್ಯವನ್ನು ಬಿಡುವಾಗಿ ಮುಂದುವರಿಸುವುದು ವ್ಯವಹಾರಿಕ ಮಾರ್ಗ.

ಜನ್ಮದಿನಾಂಕದ ವ್ಯತ್ಯಾಸವನ್ನು ಉಪೇಕ್ಷಿಸಬಾರದು. ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ 80 ವರ್ಷ ತುಂಬಿದಾಗ ಶೇಕಡ 20ರಷ್ಟು, 85ಕ್ಕೆ ಶೇಕಡ 30ರಷ್ಟು, ಹೀಗೆ ಏರುತ್ತಾ 100 ವರ್ಷಕ್ಕೆ ಮೂಲ ಪಿಂಚಣಿಯಷ್ಟೇ ಹೆಚ್ಚುವರಿ ಮೊತ್ತ ದೊರೆಯುತ್ತದೆ. ಕುಟುಂಬ ಪಿಂಚಣಿದಾರರ ಜನ್ಮದಿನಾಂಕವೇ ಪಿ.ಪಿ.ಒ.ದಲ್ಲಿ ಇಲ್ಲದಿರುವ ಹಳೆಯ ಪ್ರಕರಣಗಳಲ್ಲಿ ಈ ಹೆಚ್ಚಳ ತಾನಾಗಿ ಬರುವುದಿಲ್ಲ.

ವಿಳಾಸದ ವಿಷಯದಲ್ಲಿ ಅಷ್ಟು ಆತಂಕ ಬೇಡ. ಉಡುಪಿ ಜಿಲ್ಲೆ ಅಸ್ತಿತ್ವಕ್ಕೆ ಬಂದದ್ದು 1997ರ ಆಗಸ್ಟ್ 25ರಂದು. ಅದಕ್ಕೆ ಮೊದಲು ನಿವೃತ್ತರಾದವರ ಆದೇಶಗಳಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಎಂದಿರುತ್ತದೆ. ಕಾಪು ಆಗ ಉಡುಪಿ ತಾಲ್ಲೂಕಿಗೆ ಸೇರಿತ್ತು, 2017-18ನೇ ಸಾಲಿನ ರಾಜ್ಯ ಆಯವ್ಯಯದಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಅದೂ ಒಂದು. ಕಾರ್ಕಳ ತಾಲ್ಲೂಕಿನ ಕೆಲವು ಗ್ರಾಮಗಳು ಈಗ ಹೆಬ್ರಿ ತಾಲ್ಲೂಕಿನಲ್ಲಿವೆ. ಜೀವಿತ ಪ್ರಮಾಣಪತ್ರಕ್ಕೆ ತಾಳೆ ನೋಡುವುದು ವ್ಯಕ್ತಿ, ಪಿ.ಪಿ.ಒ. ಮತ್ತು ಖಾತೆಯನ್ನೇ ಹೊರತು ಜಿಲ್ಲೆ, ತಾಲ್ಲೂಕುಗಳ ಹೆಸರನ್ನಲ್ಲ.

ಹಾಸಿಗೆ ಹಿಡಿದವರು ಮತ್ತು ಪರಸ್ಥಳದಲ್ಲಿರುವವರು

ಬ್ಯಾಂಕಿಗೆ ಬರಲಾರದವರನ್ನು ಕುರ್ಚಿಯಲ್ಲಿ ಕುಳ್ಳಿರಿಸಿ ಹೊತ್ತು ತರುವ ದೃಶ್ಯ ಈಗಲೂ ಅಲ್ಲಲ್ಲಿ ಕಾಣುತ್ತದೆ. ಇದರ ಅವಶ್ಯಕತೆ ಇಲ್ಲ. 70 ವರ್ಷ ಮೀರಿದವರಿಗೂ ಅಂಗವಿಕಲರಿಗೂ ಜೀವಿತ ಪ್ರಮಾಣಪತ್ರ ಸ್ವೀಕಾರ ಸೇರಿದಂತೆ ಮೂಲ ಸೇವೆಗಳನ್ನು ಮನೆ ಬಾಗಿಲಿನಲ್ಲಿ ಒದಗಿಸುವಂತೆ ರಿಸರ್ವ್ ಬ್ಯಾಂಕು 2017ರ ನವೆಂಬರ್‌ನಲ್ಲಿ ಬ್ಯಾಂಕುಗಳಿಗೆ ಸೂಚಿಸಿದೆ. ಅನಾರೋಗ್ಯದಿಂದ ಮನೆಯಲ್ಲಿ ಅಥವಾ ಆಸ್ಪತ್ರೆಯಲ್ಲಿರುವವರ ಬಗ್ಗೆ ಕುಟುಂಬದವರು ಶಾಖೆಗೆ ಲಿಖಿತ ಮನವಿ ಸಲ್ಲಿಸಿ ಅದರ ಪ್ರತಿಗೆ ಮೊಹರು ಹಾಕಿಸಿಕೊಳ್ಳಬೇಕು. ಸಹಿ ಮಾಡಲಾರದವರು ಹೆಬ್ಬೆಟ್ಟಿನ ಗುರುತಿನಿಂದ, ಕೈ ಆಡದವರು ಕಾಲ್ಬೆರಳಿನ ಗುರುತಿನಿಂದ ಹಣ ಪಡೆಯಲೂ ಅವಕಾಶವಿದೆ. ಇಬ್ಬರು ಸಾಕ್ಷಿಗಳು ಬೇಕು, ಅವರಲ್ಲೊಬ್ಬರು ಬ್ಯಾಂಕಿನ ಅಧಿಕಾರಿಯಾಗಿರಬೇಕು.

ಅಂಚೆಯವರ ಮೂಲಕ ಮನೆಯಲ್ಲಿಯೇ ಗಣಕೀಕೃತ ಪ್ರಮಾಣಪತ್ರ ಮಾಡಿಸುವ ಸೇವೆಯನ್ನು ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕು 2020ರಲ್ಲಿ ಪ್ರಾರಂಭಿಸಿತು. ಪಿಂಚಣಿ ಯಾವ ಬ್ಯಾಂಕಿನಲ್ಲಿದ್ದರೂ ಈ ಸೇವೆ ಲಭ್ಯ. ಶುಲ್ಕವನ್ನು ತೆರಿಗೆ ಸೇರಿ ರೂ. 70 ಎಂದು ನಿಗದಿಪಡಿಸಲಾಗಿದೆ. ನೌಕರರ ಪಿಂಚಣಿ ಯೋಜನೆಯವರ ಪರವಾಗಿ ಈ ಶುಲ್ಕವನ್ನು ಭವಿಷ್ಯ ನಿಧಿ ಸಂಘಟನೆಯೇ ಭರಿಸುವ ಒಪ್ಪಂದಕ್ಕೆ 2025ರ ನವೆಂಬರ್‌ನಲ್ಲಿ ಸಹಿ ಹಾಕಲಾಯಿತು. ಕಾರ್ಕಳದ ಒಳಗ್ರಾಮಗಳಲ್ಲಿ, ಬಸ್ಸಿಗಾಗಿ ಎರಡು ಮೈಲಿ ನಡೆಯಬೇಕಾದ ಕಡೆಗಳಲ್ಲಿ, ಈ ವ್ಯವಸ್ಥೆ ಬಹಳ ಉಪಯುಕ್ತವಾದುದು. ಊರಿನ ಅಂಚೆಯವರಿಗೆ ಮುಂಚಿತವಾಗಿ ತಿಳಿಸಿದರೆ ಸಾಕು.

ಮುಂಬಯಿ, ಬೆಂಗಳೂರುಗಳಲ್ಲಿ ಮಕ್ಕಳ ಮನೆಯಲ್ಲಿರುವವರು ಊರಿಗೆ ಬರಬೇಕಾಗಿಲ್ಲ. ಅಲ್ಲಿನ ಶಾಖೆ, ಅಂಚೆ ಅಥವಾ ಯಾವುದೇ ಜೀವನ್ ಪ್ರಮಾಣ್ ಕೇಂದ್ರದಲ್ಲಿ ಸಲ್ಲಿಸಬಹುದು. ಕೊಲ್ಲಿ ರಾಷ್ಟ್ರಗಳಲ್ಲಿ ಹಾಗೂ ಇತರ ವಿದೇಶಗಳಲ್ಲಿ ಇರುವವರು ಮುಖಚಹರೆಯ ವಿಧಾನವನ್ನು ಬಳಸಬಹುದು, ಇಲ್ಲವೇ ಭಾರತೀಯ ರಾಯಭಾರ ಕಚೇರಿ, ಅಲ್ಲಿನ ನೋಟರಿ ಅಥವಾ ಬ್ಯಾಂಕಿನ ಅಧಿಕಾರಿಯ ಸಹಿಯುಳ್ಳ ಪ್ರಮಾಣಪತ್ರವನ್ನು ತಮ್ಮ ಬ್ಯಾಂಕಿಗೆ ಕಳುಹಿಸಬಹುದು.

ಪಿಂಚಣಿ ನಿಂತು ಹೋದಲ್ಲಿ

ನವೆಂಬರ್ ಮುಗಿದರೂ ಪ್ರಮಾಣಪತ್ರ ತಲುಪದಿದ್ದಲ್ಲಿ ಡಿಸೆಂಬರ್‌ನಿಂದ ಪಾವತಿಯನ್ನು ತಡೆಹಿಡಿಯಲಾಗುತ್ತದೆ. ತಡೆಹಿಡಿಯುವುದೆಂದರೆ ರದ್ದುಪಡಿಸುವುದಲ್ಲ. ಪ್ರಮಾಣಪತ್ರ ಸ್ವೀಕೃತವಾದೊಡನೆ ಪಾವತಿ ಪುನಃ ಆರಂಭವಾಗಿ ನಿಂತ ತಿಂಗಳುಗಳ ಬಾಕಿಯೂ ಜಮೆಯಾಗತಕ್ಕದ್ದು. ಶಾಖೆಯ ವ್ಯವಸ್ಥಾಪಕರು ತಾವೇ ಇದನ್ನು ಪುನರಾರಂಭಿಸಲಾರರು, ಅವರು ಸಂಸ್ಕರಣಾ ಕೇಂದ್ರಕ್ಕೆ ಬರೆಯಬೇಕು. ಆದುದರಿಂದ ಬಾಯಿ ಮಾತಿನ ವಿಚಾರಣೆಗಿಂತ ಸ್ವೀಕೃತಿ ಪತ್ರದ ಪ್ರತಿಯೊಂದಿಗೆ ಲಿಖಿತ ದೂರು ನೀಡುವುದು ಫಲಕಾರಿ. ಪ್ರಮಾಣಪತ್ರವನ್ನು ಕಾಲಕ್ಕೆ ಸರಿಯಾಗಿ ಸಲ್ಲಿಸಿದ್ದೂ ಬ್ಯಾಂಕಿನ ಕಡೆಯಿಂದಲೇ ವಿಳಂಬವಾಗಿದ್ದರೆ, ವಿಳಂಬದ ಅವಧಿಗೆ ವಾರ್ಷಿಕ ಶೇಕಡ 8ರ ದರದಲ್ಲಿ ಪರಿಹಾರ ನೀಡಬೇಕೆಂದು ರಿಸರ್ವ್ ಬ್ಯಾಂಕಿನ ಸೂಚನೆಯಿದೆ. ಬ್ಯಾಂಕಿನಿಂದ 30 ದಿನಗಳಲ್ಲಿ ಸಮರ್ಪಕ ಉತ್ತರ ದೊರೆಯದಿದ್ದಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ರಾಜ್ಯದ ಪಿಂಚಣಿದಾರರು ಜಿಲ್ಲಾ ಖಜಾನೆಯ ಗಮನಕ್ಕೂ ತರಬಹುದು. ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿಗಳ ಕಚೇರಿಗೆ ಹಲವರು ನೇರವಾಗಿ ಹೋಗುತ್ತಾರೆ. ಅಲ್ಲಿ ಮನವಿ ನೀಡಲು ಅಡ್ಡಿಯಿಲ್ಲ. ಆದರೆ ಸೇವಾ ಪಿಂಚಣಿಯನ್ನು ಪುನರಾರಂಭಿಸುವ ಅಧಿಕಾರ ಪಾವತಿ ಮಾಡುವ ಸಂಸ್ಥೆಯದಾದುದರಿಂದ ಮೊದಲು ಬ್ಯಾಂಕಿಗೆ ಬರೆದು ನಂತರ ಹೋಗುವುದು ಸಮಯ ಉಳಿಸುತ್ತದೆ.

ಪಿಂಚಣಿದಾರರು ಮೃತಪಟ್ಟಾಗ

ಮರಣವನ್ನು 21 ದಿನಗಳೊಳಗೆ ನೋಂದಾಯಿಸಿ, ಮರಣ ಪತ್ರದ ಪ್ರತಿಯನ್ನು ಬ್ಯಾಂಕಿಗೆ ತಲುಪಿಸಬೇಕು. ಮರಣ ಹೊಂದಿದ ದಿನವೂ ಸೇರಿದಂತೆ ಆ ದಿನದವರೆಗಿನ ಪಿಂಚಣಿ ಕುಟುಂಬಕ್ಕೆ ಸಲ್ಲುತ್ತದೆ. ಅದರ ನಂತರ ಜಮೆಯಾದ ಮೊತ್ತವನ್ನು ಬ್ಯಾಂಕು ಹಿಂಪಡೆಯುತ್ತದೆ. ಇದಕ್ಕೆ ಪಿಂಚಣಿದಾರರು ಪ್ರಾರಂಭದಲ್ಲಿಯೇ ಮುಚ್ಚಳಿಕೆ ಬರೆದುಕೊಟ್ಟಿರುತ್ತಾರೆ. ಪತಿ ಅಥವಾ ಪತ್ನಿಯ ಹೆಸರು ಪಿ.ಪಿ.ಒ.ದಲ್ಲಿದ್ದರೆ ಕುಟುಂಬ ಪಿಂಚಣಿಯ ಆರಂಭಕ್ಕೆ ಹೆಚ್ಚಿನ ತೊಡಕಿಲ್ಲ. ಜಂಟಿ ಖಾತೆಯಿದ್ದಲ್ಲಿ ಅದೇ ಖಾತೆಯನ್ನು ಮುಂದುವರಿಸಬಹುದು. ಮರಣವನ್ನು ತಿಳಿಸಲು ವಿಳಂಬ ಮಾಡಿದಷ್ಟೂ ಕುಟುಂಬ ಪಿಂಚಣಿಯ ಆರಂಭವೂ ವಿಳಂಬವಾಗುತ್ತದೆ.

ದೂರವಾಣಿ ಕರೆಗಳ ಬಗ್ಗೆ ಎಚ್ಚರಿಕೆ

ಪಿಂಚಣಿ ಕಚೇರಿಯಿಂದ ಕರೆ ಮಾಡುತ್ತಿರುವುದಾಗಿ ಹೇಳಿ, ತಮ್ಮ ಹೆಸರು, ನಿವೃತ್ತಿಯ ದಿನಾಂಕ, ಪಿ.ಪಿ.ಒ. ಸಂಖ್ಯೆಯನ್ನು ತಾವೇ ಓದಿ ನಂಬಿಸಿ, ಜೀವಿತ ಪ್ರಮಾಣಪತ್ರ ನವೀಕರಣಕ್ಕೆಂದು ಮೊಬೈಲ್‌ಗೆ ಬಂದ ಸಂಕೇತ ಸಂಖ್ಯೆಯನ್ನು ಕೇಳುವ ವಂಚಕರಿದ್ದಾರೆ. ವಾಟ್ಸ್‌ಆ್ಯಪ್‌ನಲ್ಲಿ ಅರ್ಜಿ ಕಳುಹಿಸಿ ತುಂಬಲು ಹೇಳುವುದೂ ಉಂಟು. ಯಾವ ಇಲಾಖೆಯೂ ಬ್ಯಾಂಕೂ ದೂರವಾಣಿಯಲ್ಲಿ ಸಂಕೇತ ಸಂಖ್ಯೆ ಕೇಳುವುದಿಲ್ಲ. ತಾವು ಕೇಂದ್ರದಲ್ಲಿ ಎದುರಿಗೆ ಕುಳಿತು ತಿಳಿಸುವ ಸಂಖ್ಯೆ ಬೇರೆ, ಅಪರಿಚಿತರು ಕರೆ ಮಾಡಿ ಕೇಳುವ ಸಂಖ್ಯೆ ಬೇರೆ. ಹಣ ಕಳೆದುಕೊಂಡಲ್ಲಿ ಕೂಡಲೇ 1930 ಸಂಖ್ಯೆಗೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ ಖಾತೆಯನ್ನು ತಡೆಹಿಡಿಸತಕ್ಕದ್ದು. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣ ಮುಂದೆ ಸಾಗದಂತೆ ತಡೆಯುವ ಸಾಧ್ಯತೆ ಹೆಚ್ಚು.